ಜಾಂಗೊ ಟೆಂಪ್ಲೇಟುಗಳನ್ನು ಮೊದಲೇ ಲೋಡ್ ಮಾಡಿಟ್ಟಾಗ ಆದದ್ದು

ಗೋದಾಮಿನ ಸ್ಟಾಕ್ ಎಂಟ್ರಿಗೆಂದು ಬರೆದಿದ್ದ ಹಳೆಯ ಜಾಂಗೊ (ಪೈಥಾನ್ ವೆಬ್ ಫ್ರೇಮ್‌ವರ್ಕ್) ಆ್ಯಪ್ ಒಂದು ನನ್ನ ಕೈಗೆ ಬಂದಿತ್ತು. ಬೇರೆ ಪುಟಗಳೆಲ್ಲ ಸರಾಗವಾಗಿ ತೆರೆಯುತ್ತಿದ್ದವು. ಎಂಟ್ರಿ ಪುಟ ಮಾತ್ರ ಕ್ಲಿಕ್ ಮಾಡಿ ಕಾಯಬೇಕಿತ್ತು. ಎಲ್ಲರ ಅನುಮಾನ ಡೇಟಾಬೇಸ್ ಮೇಲೆ, ಯಾವಾಗಲೂ ಅಷ್ಟೇ ಅಲ್ವಾ? ಆದರೆ ನೋಡಿದರೆ ಕ್ವೆರಿಗಳು ಬೆರಳೆಣಿಕೆಯಷ್ಟು, ಅವೂ ಚಕಚಕನೆ ಮುಗಿಯುತ್ತಿದ್ದವು.

ಯಾವ ಫಂಕ್ಷನ್ ಎಷ್ಟು ಹೊತ್ತು ತಿನ್ನುತ್ತದೆ ಎಂದು ತೋರಿಸುವ ಸಿಪ್ರೊಫೈಲ್ ಓಡಿಸಿದೆ. ಪಟ್ಟಿಯ ತುದಿಯಲ್ಲಿದ್ದದ್ದು ಟೆಂಪ್ಲೇಟ್ (ಪುಟದ ಅಚ್ಚು) ಕಂಪೈಲ್ ಮಾಡುವ ಫಂಕ್ಷನ್. ಒಂದೇ ರಿಕ್ವೆಸ್ಟಿನಲ್ಲಿ ಅದು ನೂರಾರು ಸಲ ಓಡಿತ್ತು.

ಟೆಂಪ್ಲೇಟ್ ಬೇಕೆಂದಾಗ ಜಾಂಗೊ ಫೈಲ್ ಹುಡುಕುತ್ತದೆ, ಓದುತ್ತದೆ, ತುಂಡು ಮಾಡಿ ನೋಡ್‌ಗಳ (ತುಂಡಿಗೊಂದು ಆಬ್ಜೆಕ್ಟ್) ಪಟ್ಟಿಯಾಗಿ ಜೋಡಿಸುತ್ತದೆ. ಕಂಪೈಲ್ ಅಂದರೆ ಇದೇ. ನಮ್ಮ ಡೇಟಾ ಅದಕ್ಕೆ ಸೇರುವುದು ಆಮೇಲೆ, ರೆಂಡರ್ ಆಗುವಾಗ. ಕ್ಯಾಶ್ಡ್ ಲೋಡರ್ (ತಂದ ಟೆಂಪ್ಲೇಟನ್ನು ನೆನಪಿಟ್ಟುಕೊಳ್ಳುವ ಭಾಗ) ಇದ್ದರೆ ಈ ಪಟ್ಟಿ ಪ್ರೋಸೆಸ್ಸಿನ ಮೆಮೊರಿಯಲ್ಲೇ ಉಳಿಯುತ್ತದೆ, ಮುಂದಿನ ಸಲ ಡೇಟಾ ತುಂಬುವ ಕೆಲಸ ಅಷ್ಟೇ. ಜಾಂಗೊ 1.11ರಿಂದ ಪ್ರೊಡಕ್ಷನ್‌ನಲ್ಲಿ ಇದು ತಾನಾಗಿಯೇ ಆನ್ ಆಗಿರುತ್ತದೆ. ಆದರೆ ಒಂದು ಷರತ್ತು: ಸೆಟ್ಟಿಂಗ್ಸ್‌ನಲ್ಲಿ ಲೋಡರ್ಸ್ ಪಟ್ಟಿಯನ್ನು ನಾವೇ ಬರೆದಿರಬಾರದು. ಬರೆದರೆ ಕ್ಯಾಶ್ಡ್ ಲೋಡರನ್ನೂ ನಾವೇ ಸೇರಿಸಬೇಕು. ಈ ಪ್ರಾಜೆಕ್ಟಿನಲ್ಲಿ ಯಾವ ಕಾಲದಲ್ಲೋ ಯಾರೋ ಆ ಪಟ್ಟಿ ಬರೆದಿದ್ದರು. ಕ್ಯಾಶ್ ಅದರಲ್ಲಿ ಇರಲಿಲ್ಲ.

ಸರಿ, ಆದರೆ ಒಂದೇ ಪುಟಕ್ಕೆ ಏಕೆ ಪೆಟ್ಟು? ಉತ್ತರ ಫಾರ್ಮ್‌ನಲ್ಲಿತ್ತು. ಜಾಂಗೊದಲ್ಲಿ ಪ್ರತಿ ಇನ್‌ಪುಟ್ ಬಾಕ್ಸಿಗೂ ಒಂದು ಟೆಂಪ್ಲೇಟ್ ಇದೆ. ಟೆಕ್ಸ್ಟ್ ಬಾಕ್ಸಿನದು ಇನ್‌ಪುಟ್ ಟೆಂಪ್ಲೇಟನ್ನು ಇನ್‌ಕ್ಲೂಡ್ ಮಾಡುತ್ತದೆ (ತನ್ನೊಳಗೆ ಸೇರಿಸಿಕೊಳ್ಳುತ್ತದೆ), ಅದು ಆ್ಯಟ್ರಿಬ್ಯೂಟ್‌ಗಳ ಟೆಂಪ್ಲೇಟನ್ನು ಇನ್‌ಕ್ಲೂಡ್ ಮಾಡುತ್ತದೆ. ಒಂದು ಬಾಕ್ಸಿಗೆ ಮೂರು ಫೈಲು. ಸಾಮಾನ್ಯವಾಗಿ ಈ ಬಾಕ್ಸುಗಳನ್ನು ಬಿಡಿಸುವ ಫಾರ್ಮ್ ರೆಂಡರರ್ ತನ್ನದೇ ಬೇರೆ ಟೆಂಪ್ಲೇಟ್ ಎಂಜಿನ್ ಇಟ್ಟುಕೊಳ್ಳುತ್ತದೆ, ಅದರಲ್ಲಿ ಕ್ಯಾಶ್ ಇರುತ್ತದೆ. ಇಲ್ಲಿ ಬಾಕ್ಸುಗಳ ರೂಪ ಬದಲಿಸಬೇಕೆಂದು ಪ್ರಾಜೆಕ್ಟಿನ ಟೆಂಪ್ಲೇಟ್ ಸೆಟ್ಟಿಂಗನ್ನೇ ಬಳಸುವ ರೆಂಡರರ್ ಹಾಕಿದ್ದರು. ಪುಟದಲ್ಲಿ 40 ಸಾಲು, ಸಾಲಿಗೆ 6 ಬಾಕ್ಸು. ಲೆಕ್ಕ ಹಾಕಿ: 720 ಕಂಪೈಲ್, ಪ್ರತಿ ಸಲ ಪುಟ ತೆರೆದಾಗಲೂ.

ಕ್ಯಾಶ್ಡ್ ಲೋಡರ್ ಸೇರಿಸಿದೆ. ಪುಟ ಹಗುರವಾಯಿತು. ಅದರ ಜೊತೆಗೇ ಒಂದು ವಿಚಿತ್ರ ದೂರು ಬಂತು: ಮೊದಲು ಪುಟ ತೆರೆದವರಿಗೆ ಸಾಲುಗಳ ನಂಬರ್ 1ರಿಂದ 40, ಎರಡನೆಯವರಿಗೆ 41ರಿಂದ ಶುರು! ಕ್ರಮಸಂಖ್ಯೆ ಹಾಕುವ ಕಸ್ಟಮ್ ಟ್ಯಾಗ್ (ಟೆಂಪ್ಲೇಟಿನಲ್ಲಿ ಬಳಸಲು ಪ್ರಾಜೆಕ್ಟಿನವರೇ ಬರೆದ ಆಜ್ಞೆ) ಒಂದಿತ್ತು. ಅದು ಎಣಿಕೆಯನ್ನು ನೋಡ್‌ನ ಸೆಲ್ಫ್‌ನಲ್ಲೇ, ಅಂದರೆ ಆ ಆಬ್ಜೆಕ್ಟಿನೊಳಗೇ, ಇಟ್ಟುಕೊಳ್ಳುತ್ತಿತ್ತು. ಮೊದಲು ಪ್ರತಿ ರಿಕ್ವೆಸ್ಟಿಗೂ ಹೊಸ ನೋಡ್ ಹುಟ್ಟುತ್ತಿತ್ತು, ಹಾಗಾಗಿ ತಪ್ಪು ಕಾಣುತ್ತಿರಲಿಲ್ಲ. ಈಗ ಒಂದೇ ನೋಡ್ ಎಲ್ಲ ರಿಕ್ವೆಸ್ಟಿಗೂ, ಎಲ್ಲ ಥ್ರೆಡ್ಡಿಗೂ. ಎಣಿಕೆಯನ್ನು ಪ್ರತಿ ರೆಂಡರಿಗೂ ಹೊಸದಾಗಿ ಹುಟ್ಟುವ ರೆಂಡರ್ ಕಾಂಟೆಕ್ಸ್ಟ್‌ಗೆ ಸಾಗಿಸಿದೆ, ಸರಿಹೋಯಿತು. ನೀವು ಕ್ಯಾಶ್ ಆನ್ ಮಾಡುವುದಿದ್ದರೆ ಮೊದಲು ನಿಮ್ಮ ಕಸ್ಟಮ್ ಟ್ಯಾಗುಗಳ ರೆಂಡರ್ ಮೆಥಡ್ಡಿನಲ್ಲಿ ಸೆಲ್ಫ್‌ಗೆ ಏನಾದರೂ ಬರೆಯುತ್ತಿದ್ದಾರಾ ಅಂತ ಹುಡುಕಿ.

ಇನ್ನು ಮುಂಚಿತ ಲೋಡಿಂಗ್. ಈ ಕ್ಯಾಶ್ ಪ್ರತಿ ವರ್ಕರ್‌ಗೂ (ರಿಕ್ವೆಸ್ಟ್ ನಿಭಾಯಿಸುವ ಪ್ರೋಸೆಸ್) ಬೇರೆ ಬೇರೆ. ಹೊಸ ವರ್ಕರ್ ಖಾಲಿ ಕೈಯಲ್ಲಿ ಬರುತ್ತದೆ. ನಾವು ಆ್ಯಪ್ ಓಡಿಸುವ ಸರ್ವರ್ ಗನಿಕಾರ್ನ್‌ನಲ್ಲಿ ಮ್ಯಾಕ್ಸ್ ರಿಕ್ವೆಸ್ಟ್ಸ್ (ಇಷ್ಟು ರಿಕ್ವೆಸ್ಟ್ ಆದಮೇಲೆ ವರ್ಕರ್ ಬದಲಿಸು ಎಂಬ ಮಿತಿ) ಇಟ್ಟಿದ್ದರಿಂದ ವರ್ಕರ್‌ಗಳು ಆಗಾಗ ಹೊಸದಾಗುತ್ತಿದ್ದವು, ಪ್ರತಿ ಸಲ ಯಾರೋ ಒಬ್ಬರು ಆ ಮೊದಲ ಕಂಪೈಲಿಗೆ ಕಾಯಬೇಕು. ಪ್ರೀಲೋಡ್ ಆಯ್ಕೆ ಕೊಟ್ಟರೆ ಗನಿಕಾರ್ನ್ ವರ್ಕರ್‌ಗಳನ್ನು ಫೋರ್ಕ್ ಮಾಡುವ (ತನ್ನ ಪ್ರತಿಯಾಗಿ ಹುಟ್ಟಿಸುವ) ಮೊದಲೇ, ಮಾಸ್ಟರ್ ಪ್ರೋಸೆಸ್ಸಿನಲ್ಲೇ ಆ್ಯಪ್ ಲೋಡ್ ಮಾಡುತ್ತದೆ. ಸರ್ವರ್ ಆ್ಯಪನ್ನು ಶುರುಮಾಡುವ ಡಬ್ಲ್ಯುಎಸ್‌ಜಿಐ ಫೈಲಿನಲ್ಲಿ ಅಪ್ಲಿಕೇಶನ್ ತಯಾರಾದ ಕೂಡಲೇ ಟೆಂಪ್ಲೇಟ್ ಲೋಡ್ ಮಾಡುವ ಗೆಟ್ ಟೆಂಪ್ಲೇಟ್ ಫಂಕ್ಷನ್ ಕರೆದುಬಿಟ್ಟರೆ, ಆಮೇಲೆ ಹುಟ್ಟುವ ವರ್ಕರ್‌ಗಳೆಲ್ಲ ತುಂಬಿದ ಕ್ಯಾಶ್ ಜೊತೆಗೇ ಬರುತ್ತವೆ. ಇದರಿಂದ ಮೆಮೊರಿಯೂ ಉಳಿಯುತ್ತದೆ ಅಂತಾರೆ. ಆದರೆ ಪೈಥಾನ್ ರೆಫರೆನ್ಸ್ ಕೌಂಟ್ (ಒಂದು ಆಬ್ಜೆಕ್ಟನ್ನು ಎಷ್ಟು ಕಡೆ ಬಳಸಲಾಗುತ್ತಿದೆ ಎಂಬ ಎಣಿಕೆ) ಬದಲಿಸುತ್ತಲೇ ಇರುವುದರಿಂದ ಹಂಚಿಕೊಂಡ ಮೆಮೊರಿ ಪುಟಗಳು ಕ್ರಮೇಣ ಪ್ರತಿಯಾಗುತ್ತವೆ, ಆ ಆಸೆಗೆಂದೇ ಸುಮ್ನೆ ಇದನ್ನು ಮಾಡಬೇಡಿ.

ಇಲ್ಲೊಂದು ಸೂಕ್ಷ್ಮ ಇದೆ. ಹೋಮ್ ಪುಟದ ಟೆಂಪ್ಲೇಟ್ ಲೋಡ್ ಮಾಡಿದರೆ ಬೇಸ್ ಟೆಂಪ್ಲೇಟ್ ಲೋಡ್ ಆಗುವುದಿಲ್ಲ. ಎಕ್ಸ್‌ಟೆಂಡ್ಸ್ (ಇನ್ನೊಂದು ಟೆಂಪ್ಲೇಟಿನ ಮೇಲೆ ಕಟ್ಟಲು ಬಳಸುವ ಟ್ಯಾಗ್) ತನ್ನ ತಾಯಿ ಟೆಂಪ್ಲೇಟನ್ನು ಹುಡುಕುವುದು ರೆಂಡರ್ ಆಗುವಾಗ, ಇನ್‌ಕ್ಲೂಡ್ ಕೂಡ ಹಾಗೇ. ಅದಕ್ಕೇ ನಾನು ಮುಖ್ಯ ಪುಟಗಳನ್ನಷ್ಟೇ ಪಟ್ಟಿ ಮಾಡದೆ, ಟೆಂಪ್ಲೇಟ್ ಫೋಲ್ಡರನ್ನೇ ಪೂರ್ತಿ ಸುತ್ತಿ ಪ್ರತಿ ಫೈಲನ್ನೂ ಹೆಸರಿನಿಂದ ಲೋಡ್ ಮಾಡಿದೆ. ಫಾರ್ಮ್ ಬಾಕ್ಸುಗಳ ಟೆಂಪ್ಲೇಟುಗಳನ್ನು ಕೈಯಾರೆ ಸೇರಿಸಿದೆ. ಹೊರಗಿನ ಪ್ಯಾಕೇಜುಗಳ ಫೋಲ್ಡರಿಗೆ ಕೈ ಹಾಕಲಿಲ್ಲ. ನಾವು ಇನ್‌ಸ್ಟಾಲ್ ಮಾಡದ ಟ್ಯಾಗ್ ಲೈಬ್ರರಿ ಬೇಕೆನ್ನುವ ಫೈಲುಗಳು ಅಲ್ಲಿ ಇರಬಹುದು, ಕಂಪೈಲ್ ಆಗದೆ ಎರರ್ ಕೊಡುತ್ತವೆ.

ನನಗೆ ಜಾಸ್ತಿ ಲಾಭ ಅನ್ನಿಸಿದ್ದು ವೇಗವಲ್ಲ, ಈ ಎರರ್‌ಗಳೇ. ಯಾರೂ ತೆರೆಯದ ರಿಪೋರ್ಟ್ ಪುಟದಲ್ಲಿ ಇಫ್ ಮುಗಿಸುವ ಎಂಡ್‌ಇಫ್ ಟ್ಯಾಗ್ ಬಿಟ್ಟುಹೋಗಿದ್ದರೂ ಈಗ ಸರ್ವರ್ ಮೇಲೇಳುವುದೇ ಇಲ್ಲ. ತಿಂಗಳ ಕೊನೆಗೆ ಅಕೌಂಟ್ಸ್‌ನವರಿಂದ ಫೋನ್ ಬರುವುದಕ್ಕಿಂತ ಇದು ವಾಸಿ. ಎಲ್ಲ ಟೆಂಪ್ಲೇಟ್ ಲೋಡ್ ಮಾಡುವ ಆ ಕೋಡನ್ನೇ ಟೆಸ್ಟ್‌ಗಳಲ್ಲೂ ಕರೆಯುತ್ತೇವೆ, ಹಾಗಾಗಿ ಡಿಪ್ಲಾಯ್‌ವರೆಗೂ ಬರುವುದು ಅಪರೂಪ.

ಒಂದು ಅಭ್ಯಾಸ ಮಾತ್ರ ಬದಲಿಸಬೇಕಾಯಿತು. ಪ್ರೀಲೋಡ್ ಇಲ್ಲದಿದ್ದಾಗ ಗನಿಕಾರ್ನ್‌ಗೆ ಹಪ್ ಸಿಗ್ನಲ್ (ರೀಲೋಡ್ ಮಾಡು ಎಂಬ ಸೂಚನೆ) ಕಳಿಸಿದರೆ ಹೊಸ ಕೋಡ್ ಬರುತ್ತಿತ್ತು. ಪ್ರೀಲೋಡ್ ಇದ್ದರೆ ಹಪ್ ಕಳಿಸಿದರೂ ಮಾಸ್ಟರ್‌ನಲ್ಲಿರುವ ಹಳೆಯ ಆ್ಯಪ್, ಹಳೆಯ ಟೆಂಪ್ಲೇಟುಗಳೇ ಮುಂದುವರಿಯುತ್ತವೆ. ಡಿಪ್ಲಾಯ್ ಸ್ಕ್ರಿಪ್ಟಿನಲ್ಲಿ ರೀಲೋಡ್ ತೆಗೆದು ಪೂರ್ತಿ ರೀಸ್ಟಾರ್ಟ್ ಹಾಕಿದ್ದೇವೆ.