ಆಲೂಗಡ್ಡೆ ಗಿಡದಲ್ಲಿ ಕಾಯಿ ಬಿಟ್ಟಾಗ

"ಅಮ್ಮಾ, ಆಲೂಗಡ್ಡೆ ಗಿಡದಲ್ಲಿ ಟೊಮೆಟೊ ಬಿಟ್ಟಿದೆ!" ಅಂತ ಮಗಳು ತೋಟದಿಂದಲೇ ಕೂಗಿದಳು. ಪಕ್ಕದ ಮಡಿಯ ಟೊಮೆಟೊ ಗಿಡ ಇತ್ತ ಬಾಗಿರಬೇಕು ಅಂದುಕೊಂಡು ಹೋದೆ. ಹಾಗಿರಲಿಲ್ಲ. ಆಲೂಗಡ್ಡೆ ಗಿಡದ ತುದಿಯಲ್ಲಿ, ಕೆಲವು ವಾರದ ಹಿಂದೆ ನೇರಳೆ ಹೂ ಇದ್ದ ಜಾಗದಲ್ಲೇ, ಹಸಿರು ಕಾಯಿಗಳು ಗೊಂಚಲಾಗಿ ತೂಗುತ್ತಿದ್ದವು. ಒಂದನ್ನು ಅವಳು ಆಗಲೇ ಕಿತ್ತು ಕೈಯಲ್ಲಿ ಹಿಡಿದಿದ್ದಳು.

ಮೊದಲು ಅದನ್ನು ಅವಳ ಕೈಯಿಂದ ತೆಗೆದುಕೊಂಡೆ. ಉಳಿದ ಮಾತೆಲ್ಲ ಆಮೇಲೆ. ಈ ಕಾಯಿ ತಿನ್ನುವಂಥದ್ದಲ್ಲ. ಇದರಲ್ಲಿ ಸೋಲನೈನ್, ಚಾಕೊನೈನ್ ಅನ್ನೋ ವಿಷಗಳಿವೆ. ಬೆಳಕಿಗೆ ಬಿದ್ದು ಹಸಿರಾದ ಗಡ್ಡೆ ಕಹಿ ಬರುತ್ತದಲ್ಲ, ಅದಕ್ಕೂ ಇವೇ ಕಾರಣ. ತಿಂದರೆ ಹೊಟ್ಟೆನೋವು, ವಾಂತಿ, ಭೇದಿ ಶುರುವಾಗುತ್ತದೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ಮಗು ತಿಂದಿದೆ ಅಂತ ಅನುಮಾನ ಬಂದರೂ ಸಾಕು, ಕಾಯುತ್ತಾ ಕೂರಬೇಡಿ. ಅದೇ ಗಿಡದ ಇನ್ನೊಂದು ಕಾಯಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

ಮಗಳು ಟೊಮೆಟೊ ಅಂದದ್ದರಲ್ಲಿ ತಪ್ಪೇನೂ ಇಲ್ಲ. ನೋಡೋಕೆ ಥೇಟ್ ಅದೇ. ತೊಟ್ಟಿನ ಹತ್ತಿರ ಅದೇ ಥರ ಹಸಿರು ಟೋಪಿ, ಅದೇ ದುಂಡು, ಅದೇ ನುಣುಪು. ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ಎಲ್ಲ ಒಂದೇ ಕುಟುಂಬದವು. ಆದರೆ ಪಕ್ಕದಲ್ಲಿ ಟೊಮೆಟೊ ಹಾಕಿದ್ದಕ್ಕೆ ಬೆರಕೆಯಾಯಿತು ಅನ್ನೋ ಮಾತು ನಿಜವಲ್ಲ. ನನಗೂ ಇಬ್ಬರು ಹಾಗೇ ಹೇಳಿದರು. ತೋಟದಲ್ಲಿ ಅವೆರಡೂ ತಾವಾಗಿ ಕೂಡುವುದಿಲ್ಲ. ಇದು ಆಲೂಗಡ್ಡೆಯದೇ ಕಾಯಿ. ರೋಗವೂ ಅಲ್ಲ.

ಹಾಗಾದರೆ ಎಂಟು ವರ್ಷದಿಂದ ಬೆಳೆಯುತ್ತಿದ್ದರೂ ಒಮ್ಮೆಯೂ ಯಾಕೆ ಕಾಣಲಿಲ್ಲ? ಸೆಕೆ ಜಾಸ್ತಿಯಾದರೆ ಹೂ ಕಾಯಿ ಕಚ್ಚದೆ ಉದುರುತ್ತದೆ. ಆ ವರ್ಷ ಹೂ ಬಿಡುವ ಹೊತ್ತಿಗೆ ತಂಪು ತುಂಬಾ ದಿನ ಇತ್ತು, ನೆಲದಲ್ಲಿ ತೇವವೂ ಇತ್ತು. ಹಗಲು ಉದ್ದವಿದ್ದರೂ ಅನುಕೂಲ. ಜೊತೆಗೆ ಆ ಸಲ ನಾನು ಹೊಸ ತಳಿಯ ಗಡ್ಡೆ ತಂದಿದ್ದೆ. ಕೆಲವು ತಳಿ ಕಾಯಿ ಬಿಡುವುದರಲ್ಲಿ ಧಾರಾಳ, ಕೆಲವು ಹೂವನ್ನೇ ಸರಿಯಾಗಿ ಬಿಡುವುದಿಲ್ಲ. ಹೆಚ್ಚಿನ ಹೂಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುತ್ತವೆ. ಆಲೂ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಬರುವುದು ಕೇಸರದ ತುದಿಯ ಸಣ್ಣ ತೂತಿನಿಂದ. ಹೂವನ್ನು ಹಿಡಿದು ಝುಂಯ್ ಅಂತ ಅಲುಗಿಸುವ ದುಂಬಿ ಬಂದರೆ ಮಾತ್ರ ಪರಾಗ ಚೆನ್ನಾಗಿ ಉದುರುತ್ತದೆ.

ಕಾಯಿ ಬಿಟ್ಟರೆ ಗಡ್ಡೆ ಕಡಿಮೆಯಾಗುತ್ತದಾ? ಗಿಡದ ಶಕ್ತಿಯಲ್ಲಿ ಒಂದಿಷ್ಟು ಕಾಯಿಗೆ ಹೋಗೇ ಹೋಗುತ್ತದೆ. ನನ್ನ ಮಡಿಯಲ್ಲಿ ಕಾಯಿ ಬಿಟ್ಟ ಗಿಡ ಮೂರು, ಬಿಡದ್ದು ಒಂಬತ್ತು. ಅಗೆದಾಗ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಸಿಗಲಿಲ್ಲ. ಮನೆ ತೋಟದಲ್ಲಿ ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಬೀಜ ಬೇಡದವರು ಚಿಕ್ಕದಿದ್ದಾಗಲೇ ಗೊಂಚಲು ಚಿವುಟಿ ತೆಗೆಯಿರಿ. ಇನ್ನೊಂದು ಮಾತು: ಕಾಯಿ ಬಂತು ಅಂದ ಮಾತ್ರಕ್ಕೆ ಗಡ್ಡೆ ಬಲಿತಿದೆ ಅಂತಲ್ಲ. ಅದಕ್ಕೆ ಎಲೆ ಹಳದಿಯಾಗಿ ಗಿಡ ಒರಗುವುದನ್ನೇ ನೋಡಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ನಾವು ನೆಡುವುದು ಗಡ್ಡೆಯ ಕಣ್ಣನ್ನು. ಅದರಿಂದ ಬರುವ ಗಿಡ ತಾಯಿಯದೇ ಪಡಿಯಚ್ಚು. ಅಂದರೆ ಒಂದು ತಳಿ ಅಂತ ನಾವು ಕರೆಯುವುದೆಲ್ಲ ನಿಜವಾಗಿ ಒಂದೇ ಗಿಡ. ಅದನ್ನೇ ತುಂಡು ಮಾಡಿ ಮಾಡಿ ವರ್ಷವರ್ಷ ನೆಡುತ್ತಿದ್ದೇವೆ. ಕಾಯಿಯೊಳಗಿನ ಬೀಜ ಹಾಗಲ್ಲ. ಆಲೂಗಡ್ಡೆಯಲ್ಲಿ ಗುಣಗಳನ್ನು ಹೊತ್ತ ವರ್ಣತಂತುಗಳು ಹನ್ನೆರಡು ಬಗೆ, ಒಂದೊಂದೂ ನಾಲ್ಕು ನಾಲ್ಕು ಇರುತ್ತವೆ, ಒಟ್ಟು 48. ಬೀಜವಾಗುವಾಗ ಅವು ಕಲೆಸಿಹೋಗುತ್ತವೆ. ಒಂದೇ ಕಾಯಿಯ ಎರಡು ಬೀಜ ಕೂಡ ಒಂದೇ ಥರದ ಗಿಡ ಕೊಡುವುದಿಲ್ಲ. 1870ರ ದಶಕದಲ್ಲಿ ಅಮೆರಿಕದ ಲೂಥರ್ ಬರ್ಬ್ಯಾಂಕ್ ತನ್ನ ಮಡಿಯ ಗಿಡದಲ್ಲಿ ಇಂಥದ್ದೇ ಒಂದು ಕಾಯಿ ಕಂಡ. ಅದರಲ್ಲಿದ್ದ 23 ಬೀಜ ಬಿತ್ತಿದ. ಅದರಲ್ಲೊಂದು ಗಿಡದಿಂದ ಬಂದದ್ದೇ ಬರ್ಬ್ಯಾಂಕ್ ತಳಿ. ಅದರದೇ ಒರಟು ಕಂದು ಸಿಪ್ಪೆಯ ರೂಪವನ್ನು ಇವತ್ತಿಗೂ ದೊಡ್ಡ ಪ್ರಮಾಣದಲ್ಲಿ ಬೆಳೆಯುತ್ತಾರೆ. ಇದು ಗೊತ್ತಾದ ಮೇಲೆ ಕಾಯಿ ಕಿತ್ತು ಬಿಸಾಡೋಕೆ ನನಗೆ ಮನಸ್ಸು ಬರಲಿಲ್ಲ.

ಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟಿದೆ. ಹಣ್ಣಾದರೆ ಬಣ್ಣ ತಿರುಗುತ್ತದೆ ಅಂತ ಕಾದು ಕೂರಬೇಡಿ. ನನ್ನವು ಹಸಿರಾಗೇ ಉಳಿದವು, ಸ್ವಲ್ಪ ಬಿಳಿಚಿಕೊಂಡವು ಅಷ್ಟೇ. ಒತ್ತಿದರೆ ಮೆತ್ತಗಾದವು. ತಾವಾಗೇ ಚೀಲಕ್ಕೆ ಬಿದ್ದವು. ಅಡ್ಡಲಾಗಿ ಕತ್ತರಿಸಿದೆ. ಒಳಗೆ ಟೊಮೆಟೊದಂತೆಯೇ ಎರಡು ಕೋಣೆ, ಹಸಿರು ಲೋಳೆ, ಅದರ ತುಂಬ ಎಳ್ಳಿಗಿಂತ ಚಿಕ್ಕ ಚಪ್ಪಟೆ ಬೀಜ. ವಾಸನೆ ಮಾತ್ರ ಹಿತವಾಗಿತ್ತು, ಮಾಗಿದ ಹಣ್ಣಿನ ಹಾಗೆ. ಮಕ್ಕಳ ವಿಷಯದಲ್ಲಿ ನನಗೆ ಹೆದರಿಕೆ ಆದದ್ದೇ ಅದರಿಂದ. ಮಗಳಿಗೆ ಕೈಗವಸು ಹಾಕಿಸಿ ಎಣಿಸೋಕೆ ಕೂರಿಸಿದೆ. ಒಂದೇ ಕಾಯಿಯಲ್ಲಿ 163 ಬೀಜ! ಇದಕ್ಕಿಂತಲೂ ಜಾಸ್ತಿ, 300ರವರೆಗೂ ಇರುವುದುಂಟು.

ಲೋಳೆಯನ್ನು ಒಂದು ಲೋಟ ನೀರಲ್ಲಿ ಮೂರು ದಿನ ಬಿಟ್ಟೆ. ಹುಳಿ ಬಂದು ಮೇಲೆ ನೊರೆ ಕಟ್ಟಿತು, ಗಟ್ಟಿ ಬೀಜ ತಳಕ್ಕೆ ಇಳಿಯಿತು. ಜಾಲಿಸಿ, ತೊಳೆದು, ನೆರಳಲ್ಲಿ ಒಣಗಿಸಿದೆ. ಆ ಲೋಟವನ್ನು ಮತ್ತೆ ಅಡುಗೆ ಮನೆಗೆ ತರಲಿಲ್ಲ.

ಇಲ್ಲಿ ಒಂದು ತಪ್ಪು ಮಾಡಿದೆ. ಆತುರಕ್ಕೆ ಬಿದ್ದು ಒಣಗಿದ ವಾರದಲ್ಲೇ ಮೂವತ್ತು ಬೀಜ ಬಿತ್ತಿದೆ. ಮೊಳೆತದ್ದು ಎರಡು, ಅವೂ ಉಳಿಯಲಿಲ್ಲ. ಹೊಸ ಬೀಜ ಕೆಲವು ತಿಂಗಳು ನಿದ್ದೆಯಲ್ಲಿರುತ್ತದೆ ಅನ್ನೋದು ಆಮೇಲೆ ಗೊತ್ತಾಯಿತು. ಉಳಿದದ್ದನ್ನು ಕಾಗದದ ಪೊಟ್ಟಣದಲ್ಲಿ ಆರು ತಿಂಗಳು ಇಟ್ಟು, ಮತ್ತೆ ಮೂವತ್ತು ಬಿತ್ತಿದಾಗ 21 ಸಸಿ ಬಂದವು. ಬೀಜದ ಮೇಲೆ ಮಣ್ಣು ಅರ್ಧ ಸೆಂಟಿಮೀಟರ್ ಸಾಕು. ನೀರನ್ನು ಸುರಿಯಬಾರದು, ಚಿಮುಕಿಸಬೇಕು. ಮೊದಲ ತಿಂಗಳು ಸಸಿ ಕೂದಲೆಳೆಯ ಹಾಗಿರುತ್ತದೆ. ಬೆಳೆಯುತ್ತಲೇ ಇಲ್ಲವೇನೋ ಅನ್ನಿಸುತ್ತದೆ. ಸೊರಗಿಯೇ ಹತ್ತು ಹೋದವು.

ಉಳಿದ ಹನ್ನೊಂದನ್ನು ಐದಾರು ಎಲೆ ಬಂದಾಗ ಮಡಿಗೆ ಇಳಿಸಿದೆ. ಇಲ್ಲಿ ಗಮನ ಕೊಡಬೇಕಾದದ್ದು ಆಳ. ಮೊದಲು ಬಂದ ಜೋಡಿ ಬೀಜದೆಲೆ ಇರುತ್ತದಲ್ಲ, ಅದು ಪೂರ್ತಿ ಮುಚ್ಚುವ ಹಾಗೆ ನೆಡಿ. ಗಡ್ಡೆ ಕಟ್ಟುವುದು ಬೇರಿನಲ್ಲಲ್ಲ, ಮಣ್ಣೊಳಗಿನ ಕಾಂಡದ ಗಿಣ್ಣಿನಿಂದ ಹೊರಡುವ ಎಳೆಗಳ ತುದಿಯಲ್ಲಿ. ಗಿಣ್ಣು ಮಣ್ಣಿನ ಮೇಲೇ ಉಳಿದರೆ ಎಳೆ ಗಾಳಿಗೆ ಬರುತ್ತದೆ, ಗಡ್ಡೆ ಕಟ್ಟುವುದಿಲ್ಲ. ಗಿಡ ಎತ್ತರವಾದಂತೆ ಮೂರು ಸಲ ಬುಡಕ್ಕೆ ಮಣ್ಣೇರಿಸಿದೆ.

ಅಗೆದ ದಿನ ನಾನೂ ಮಗಳೂ ಮಡಿಯಲ್ಲೇ ಕೂತುಬಿಟ್ಟೆವು. ತಾಯಿ ಗಡ್ಡೆ ತಿಳಿಹಳದಿ, ದುಂಡು. ಮಕ್ಕಳಲ್ಲಿ ಎರಡು ಗಿಡಕ್ಕೆ ಗುಲಾಬಿ ಸಿಪ್ಪೆ. ಒಂದರಲ್ಲಿ ಬೆರಳಿನ ಹಾಗೆ ಉದ್ದುದ್ದ. ಒಂದರ ಕಣ್ಣುಗಳು ಎಷ್ಟು ಆಳ ಅಂದರೆ ಅದರೊಳಗಿನ ಮಣ್ಣು ತೆಗೆಯೋಕೇ ಆಗಲಿಲ್ಲ. ಗಾತ್ರ ಮಾತ್ರ ಚಿಕ್ಕದು. ದೊಡ್ಡದು ನಿಂಬೆಹಣ್ಣಿನಷ್ಟು, ಚಿಕ್ಕದು ಗೋಲಿಯಷ್ಟು. ಬೀಜದಿಂದ ಬಂದ ಗಿಡ ಮೊದಲ ಸಲ ಹೀಗೇ. ಆ ಪುಟ್ಟ ಗಡ್ಡೆಯನ್ನೇ ಮುಂದಿನ ಬೆಳೆಗೆ ನೆಟ್ಟರೆ ಸರಿಯಾದ ಗಾತ್ರ ಬರುತ್ತದೆ. ಹೆಚ್ಚಿನ ವೈರಸ್ ರೋಗಗಳು ಬೀಜದ ಮೂಲಕ ದಾಟುವುದಿಲ್ಲ ಅನ್ನೋದು ಇನ್ನೊಂದು ಲಾಭ.

ಈ ಗಡ್ಡೆಗಳನ್ನು ನೇರ ಅಡುಗೆಗೆ ಹಾಕಬೇಡಿ. ಹೊಸ ಗಿಡದ ಗಡ್ಡೆಯಲ್ಲೂ ವಿಷ ಜಾಸ್ತಿ ಇರುವ ಸಾಧ್ಯತೆ ಇದೆ. ತಜ್ಞರು ಬೆಳೆಸಿದ ತಳಿಯಲ್ಲೇ ಹೀಗಾಗಿದೆ. ಲೆನಾಪೆ ಅನ್ನೋ ತಳಿಯನ್ನು 1967ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿ, ಇದೇ ಕಾರಣಕ್ಕೆ 1970ರಲ್ಲಿ ವಾಪಸ್ ತೆಗೆದುಕೊಂಡರು. ನಾನು ಒಂದೊಂದು ಗಿಡದ್ದನ್ನೂ ಬೇರೆಬೇರೆ ಬೇಯಿಸಿ, ಉಗುರಿನಷ್ಟು ಚೂರನ್ನು ನಾಲಿಗೆಗೆ ತಾಗಿಸಿ ಉಗುಳಿದೆ. ಎರಡು ಕಹಿ ಇದ್ದವು. ಗುಲಾಬಿ ಸಿಪ್ಪೆಯ ಚೆಂದದ್ದೊಂದು ಅದರಲ್ಲಿ ಸೇರಿತ್ತು. ಬೇಜಾರಾಯಿತು, ಆದರೂ ಎಸೆದೆ. ಮಕ್ಕಳಿಗೆ ಈ ರುಚಿ ನೋಡುವ ಕೆಲಸ ಕೊಡಲೇಬೇಡಿ.

ಚೀಲ ಕಟ್ಟದೆ ಬಿಟ್ಟ ಕೆಲವು ಕಾಯಿ ಮಡಿಯಲ್ಲೇ ಉದುರಿದ್ದವು. ಅವುಗಳ ಸಸಿ ಈಗಲೂ ಬೀನ್ಸ್ ಸಾಲಿನ ಮಧ್ಯೆ ಏಳುತ್ತಿವೆ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ಬಿದ್ದದ್ದನ್ನು ಆರಿಸಿ ತೆಗೆಯಿರಿ, ಗೊಬ್ಬರದ ಗುಂಡಿಗೂ ಹಾಕಬೇಡಿ.

ಕಹಿ ಇಲ್ಲದ ಒಂಬತ್ತು ಗಿಡದ ಗಡ್ಡೆಗಳಲ್ಲಿ ನಾಲ್ಕರದನ್ನು ಉಳಿಸಿಕೊಂಡು ಮತ್ತೆ ನೆಟ್ಟಿದ್ದೇನೆ. ಗೂಟಕ್ಕೆ ಮಗಳು ನಂಬರ್ ಬರೆದಿದ್ದಾಳೆ. ಏಳನೇ ನಂಬರಿನದು ಮೊನ್ನೆ ಹೂ ಬಿಟ್ಟಿತು. ತಾಯಿಯದು ನೇರಳೆ ಹೂ, ಇದರದು ಅಚ್ಚ ಬಿಳಿ.