ಹಳೆ ಟ್ರಕ್ಕಿನ ಕೂಲಂಟ್ ಡಬ್ಬಿ ಸೋರ್ತಿದ್ರೆ

ವಾರಕ್ಕೊಮ್ಮೆ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ತುಂಬಿಸುವ ಹಾಗಾಗಿದ್ದರೆ, ರೇಡಿಯೇಟರ್ ಮೇಲೆ ಅನುಮಾನ ಪಡುವ ಮೊದಲು ಡಬ್ಬಿ ನೋಡಿ. ವರ್ಷಗಟ್ಟಲೆ ಬಿಸಿ ತಿಂದ ಪ್ಲಾಸ್ಟಿಕ್ ಗಡುಸಾಗಿ ಬಿರುಕು ಬಿಡುತ್ತದೆ. ಜಾಸ್ತಿ ಸೋರುವುದು ಎರಡು ಭಾಗ ಸೇರಿಸಿದ ಅಂಚಿನಲ್ಲಿ ಅಥವಾ ಹೋಸ್ ಕೂರುವ ಮೂತಿಯಲ್ಲಿ. ಒಣಗಿದ ಕೂಲಂಟಿನ ಕಲೆ ಜಾಗ ತೋರಿಸಿಬಿಡುತ್ತದೆ.

ಎಂ-ಸೀಲ್ ಮೆತ್ತಿ ನಾನೂ ನೋಡಿದ್ದೇನೆ. ನಾಲ್ಕು ದಿನ ನಿಂತಿತು, ಅಷ್ಟೇ. ಸುಮ್ನೆ ಹೊಸದು ಹಾಕಿ.

ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಬೇಡಿ, ಒತ್ತಡಕ್ಕೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಹೋಸ್ ಬಿಚ್ಚುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ. ಅಂಟಿಕೊಂಡ ಹೋಸನ್ನು ಎಳೆಯದೆ ತಿರುಗಿಸಿ ಸಡಿಲಿಸಿ. ಹಳೆ ರಬ್ಬರ್ ಹರಿದರೆ ಕೆಲಸ ದುಪ್ಪಟ್ಟು. ಕೆಳಗೆ ಬೋಗುಣಿ ಇಡಿ. ಕೂಲಂಟ್ ವಿಷ, ಸಿಹಿ ಅಂತ ನಾಯಿ ನೆಕ್ಕಿಬಿಡುತ್ತದೆ, ಬೆಕ್ಕೂ ನೆಕ್ಕಬಹುದು.

ಕ್ಲಾಂಪ್, ಮುಚ್ಚಳ ಎರಡನ್ನೂ ಹೊಸದೇ ಹಾಕಿ. ಮುಚ್ಚಳದ ಒತ್ತಡದ ಅಂಕಿ ಹಳೆಯದಕ್ಕೆ ಹೊಂದಬೇಕು. ಇದನ್ನೇ ಬಹಳ ಜನ ಮರೆಯುವುದು.

ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಸಾಮಾನ್ಯವಾಗಿ ಅರ್ಧಕ್ಕರ್ಧ. ರೆಡಿಮಿಕ್ಸ್ ಆದರೆ ನೀರು ಬೇಡ. ಬಣ್ಣ ಒಂದೇ ಇದೆ ಅಂತ ಬೆರೆಸಬೇಡಿ, ಮ್ಯಾನುಯಲ್‌ನಲ್ಲಿ ಹೇಳಿದ ಬಗೆಯನ್ನೇ ಹಾಕಿ. ತುಂಬಿದ ಮೇಲೆ ಹೀಟರ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಓಡಿಸಿ. ಒಳಗೆ ಸಿಕ್ಕಿಕೊಂಡ ಗಾಳಿ ಹೋಗಬೇಕಲ್ವಾ? ಗಾಳಿ ಬಿಡುವ ಸ್ಕ್ರೂ ಇದ್ದರೆ ಮ್ಯಾನುಯಲ್ ನೋಡಿ ಬಿಚ್ಚಿ. ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಮಟ್ಟ ನೋಡಿ. ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ, ತುಂಬಿಸಿ. ದಿನಾ ಇಳಿಯುತ್ತಿದ್ದರೆ ಸೋರಿಕೆ ಬೇರೆಲ್ಲೋ ಇದೆ.