ನಾರ್ತ್ ಕ್ಯಾರೋಲೈನಾದಲ್ಲಿ ಮನೆ ಕೊಳ್ಳುವ ಕನ್ನಡಿಗರಿಗೆ: ಕ್ರಾಲ್ ಸ್ಪೇಸ್‌ನ ತೇವ ಮತ್ತು ಅದನ್ನು ತಡೆಯುವ ಖರ್ಚು

ರಾಲಿ, ಕ್ಯಾರಿ, ಮಾರಿಸ್‌ವಿಲ್, ಏಪೆಕ್ಸ್ ಸುತ್ತಮುತ್ತ ಮೊದಲ ಸ್ವಂತ ಮನೆ ಹುಡುಕುವ ನಮ್ಮವರು ಶಾಲೆ, ಕಚೇರಿಯ ದೂರ, ಬಾಗಿಲಿನ ದಿಕ್ಕು ಎಲ್ಲವನ್ನೂ ವಿಚಾರಿಸುತ್ತಾರೆ. ನೆಲದ ಕೆಳಗೆ ಏನಿದೆ ಎಂದು ಕೇಳುವವರು ಕಡಿಮೆ. ಕರ್ನಾಟಕದಲ್ಲಿ ಅಡಿಪಾಯದ ಗೋಡೆಗಳ ನಡುವೆ ಮಣ್ಣು ತುಂಬಿ, ದಮ್ಮಸ್ಸು ಮಾಡಿ, ಅದರ ಮೇಲೆ ನೆಲ ಹಾಕುವುದನ್ನು ಕಂಡವರಿಗೆ ಆ ಪ್ರಶ್ನೆ ಹೊಳೆಯದಿರುವುದು ಸಹಜ. ಇಲ್ಲಿಯ ಬಹಳಷ್ಟು ಬಿಡಿ ಮನೆಗಳು ಇಟ್ಟಿಗೆ ಅಥವಾ ಬ್ಲಾಕಿನ ಗಿಡ್ಡ ಗೋಡೆಗಳ ಮೇಲೆ ಹಾಯಿಸಿದ ಮರದ ತೊಲೆಗಳ ಮೇಲೆ ನಿಂತಿರುತ್ತವೆ. ಆ ತೊಲೆಗಳಿಗೂ ಬರಿ ನೆಲಕ್ಕೂ ನಡುವೆ ಉಳಿಯುವ, ತೆವಳಿಕೊಂಡು ಮಾತ್ರ ಹೋಗಬಹುದಾದ ಜಾಗವೇ ಕ್ರಾಲ್ ಸ್ಪೇಸ್.

ಹಳೆಯ ಪದ್ಧತಿಯಂತೆ ಆ ಗೋಡೆಗಳಲ್ಲಿ ಗಾಳಿ ಆಡಲೆಂದು ಸಣ್ಣ ಕಿಂಡಿಗಳನ್ನು ಬಿಡುತ್ತಾರೆ. ಗಾಳಿ ಆಡಿದರೆ ತೇವ ಆರುತ್ತದೆ ಎಂಬ ನಂಬಿಕೆ ಒಣ ಹವೆಯ ಪ್ರದೇಶದಲ್ಲಿ ಸರಿ, ಈ ರಾಜ್ಯದ ಬೇಸಿಗೆಯಲ್ಲಿ ಅದು ತಿರುವುಮುರುವಾಗುತ್ತದೆ. ಜುಲೈ ತಿಂಗಳಲ್ಲಿ ಹೊರಗಿನ ಗಾಳಿ 32 ಡಿಗ್ರಿ ಸೆಲ್ಸಿಯಸ್ ಇದ್ದು ಅದರ ಸಾಪೇಕ್ಷ ತೇವಾಂಶ ಶೇ. 60 ಇದ್ದರೆ, ಸುಮಾರು 23 ಡಿಗ್ರಿಗೆ ತಣಿದ ಕೂಡಲೇ ಅದು ನೀರಾಗಿ ಕಟ್ಟಿಕೊಳ್ಳತೊಡಗುತ್ತದೆ. ಕ್ರಾಲ್ ಸ್ಪೇಸ್‌ನ ಮಣ್ಣು ಸಾಮಾನ್ಯವಾಗಿ ಅಷ್ಟು ತಂಪಾಗಿಯೇ ಇರುತ್ತದೆ. ಅಲ್ಲಿ ಹಾದುಹೋಗುವ ಹವಾನಿಯಂತ್ರಣದ ಡಕ್ಟ್‌ಗಳೊಳಗಿನ ಗಾಳಿಯಂತೂ ಸುಮಾರು 13 ಡಿಗ್ರಿಯಷ್ಟು ತಣ್ಣಗಿರುತ್ತದೆ. ಮಜ್ಜಿಗೆಯ ಲೋಟದ ಹೊರಮೈ ಬೆವರುವಂತೆ ಡಕ್ಟ್, ಕೊಳವೆ, ತೊಲೆಗಳೆಲ್ಲ ಬೆವರುತ್ತವೆ. ಮೇಲಿನ ಮನೆಯ ಗಟ್ಟಿಮರದ ನೆಲಹಾಸು ಅಂಚುಗಳಲ್ಲಿ ಮೇಲೇಳುವುದು, ಮೂಲೆಗಳಲ್ಲಿ ಮುಗ್ಗಲು ವಾಸನೆ ಬರುವುದು, ತೊಲೆಗಳಿಗೆ ಬೂಸ್ಟು ಹಿಡಿಯುವುದು, ಗೆದ್ದಲು ಬರುವುದು ಇವೆಲ್ಲದರ ಮೂಲ ಅಲ್ಲಿದೆ. ಕೆಳಗಿನ ಗಾಳಿಯ ಒಂದು ಪಾಲು ನೆಲದ ಸಂದುಗಳ ಮೂಲಕ ಮೇಲಕ್ಕೆ ಬರುವುದರಿಂದ, ಮನೆಯಲ್ಲಿ ಆಸ್ತಮಾ ಇರುವ ಮಕ್ಕಳಿದ್ದರೆ ಇದನ್ನು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕು.

ಖರ್ಚಿನ ವಿಚಾರದಲ್ಲಿ ನಾನು ಹೊಸಬರಿಗೆ ಒತ್ತಿ ಹೇಳುವುದು ಕೆಲಸದ ಅನುಕ್ರಮವನ್ನು. ಮಳೆನೀರು ಒಳಗೆ ಬರುತ್ತಿರುವ ಜಾಗಕ್ಕೆ ತೇವ ತಡೆಯುವ ಎಷ್ಟು ದುಬಾರಿ ಪ್ಲಾಸ್ಟಿಕ್ ಹಾಳೆ ಹಾಸಿದರೂ ಆ ಹಣ ನೀರುಪಾಲು. ಸೂರಿನಂಚಿನಲ್ಲಿ ಮಳೆನೀರು ಹಿಡಿಯುವ ಗಟರ್‌ಗಳನ್ನು ಶುಚಿಗೊಳಿಸಿ, ಇಳಿಕೊಳವೆಗಳ ನೀರು ಗೋಡೆಯಿಂದ ಹಲವು ಅಡಿ ಆಚೆ ಬೀಳುವಂತೆ ಉದ್ದಗೊಳಿಸಿ, ಮನೆಯ ಸುತ್ತಲಿನ ಮಣ್ಣು ಮೊದಲ 10 ಅಡಿಯಲ್ಲಿ 6 ಇಂಚಾದರೂ ಹೊರಕ್ಕೆ ಇಳಿಜಾರಾಗುವಂತೆ ಮಾಡಿಸಿ. ಈ ಭಾಗದ ಕೆಂಪು ಜೇಡಿಮಣ್ಣು ನೀರನ್ನು ಬೇಗ ಹೀರುವುದಿಲ್ಲವಾದ್ದರಿಂದ ಈ ಇಳಿಜಾರು ಅತ್ಯಗತ್ಯ. ಕೆಲವು ನೂರು ಡಾಲರಿನಲ್ಲಿ ಮುಗಿಯುವ ಈ ಕೆಲಸವನ್ನು ಮಾಡಿ, ಒಂದೆರಡು ಜೋರು ಮಳೆಗಳನ್ನು ನೋಡಿದ ಮೇಲೆ ಮುಂದಿನದನ್ನು ನಿರ್ಧರಿಸುವುದು ವಿವೇಕ. ಬಟ್ಟೆ ಒಣಗಿಸುವ ಯಂತ್ರದ ಬಿಸಿಗಾಳಿಯ ಕೊಳವೆಯಾಗಲಿ, ಹವಾನಿಯಂತ್ರಣದ ನೀರಿನ ಕೊಳವೆಯಾಗಲಿ ಕ್ರಾಲ್ ಸ್ಪೇಸ್‌ನೊಳಗೇ ಕೊನೆಗೊಂಡಿದೆಯೇ ಎಂಬುದನ್ನೂ ಆಗಲೇ ನೋಡಿಸಿ.

ಮುಂದಿನ ಹೆಜ್ಜೆ ಕ್ರಾಲ್ ಸ್ಪೇಸನ್ನು ಪೂರ್ತಿ ಮುಚ್ಚುವುದು. ಹಾಗೆಂದರೆ ಕಿಂಡಿಗಳನ್ನು ಮುಚ್ಚಿ, ನೆಲಕ್ಕೂ ಗೋಡೆಗೂ ದಪ್ಪ ಪಾಲಿಥೀನ್ ಹಾಳೆಯನ್ನು ಹಾಸಿ, ಕೂಡುಗಳಿಗೆ ಟೇಪ್ ಹಚ್ಚಿ, ಒಳಗಿನ ಗಾಳಿಯನ್ನು ಒಣಗಿಸುವ ಒಂದು ಯಾಂತ್ರಿಕ ಏರ್ಪಾಡನ್ನು ಮಾಡುವುದು. 1,500 ಚದರ ಅಡಿಯ ಕ್ರಾಲ್ ಸ್ಪೇಸ್‌ಗೆ ಈ ಎಲ್ಲವೂ ಸೇರಿ ಸಾಮಾನ್ಯವಾಗಿ 5,000ದಿಂದ 15,000 ಡಾಲರ್ ಆಗುತ್ತದೆ. ಈ ಅಂತರ ಇಷ್ಟು ದೊಡ್ಡದಿರುವುದಕ್ಕೆ ಕಾರಣಗಳಿವೆ. ಮೊದಲನೆಯದು ಅಳತೆ: 50 ಅಡಿ ಉದ್ದ, 30 ಅಡಿ ಅಗಲದ ಜಾಗಕ್ಕೆ 3 ಅಡಿ ಎತ್ತರದ ಗೋಡೆಯಿದ್ದರೆ, ನೆಲದ 1,500 ಚದರ ಅಡಿಯ ಜೊತೆಗೆ ಗೋಡೆಯೇ 480 ಚದರ ಅಡಿಯಾಗುತ್ತದೆ, ದರವನ್ನು ಯಾವ ಅಳತೆಗೆ ಹೇಳಿದ್ದಾರೆಂದು ಕೇಳಬೇಕು. ಎರಡನೆಯದು ಹಾಳೆಯ ದಪ್ಪ: 6 ಮಿಲ್ ಎಂದರೆ ಸುಮಾರು 0.15 ಮಿಲಿಮೀಟರ್, 20 ಮಿಲ್ ಎಂದರೆ ಸುಮಾರು ಅರ್ಧ ಮಿಲಿಮೀಟರ್. ಯಂತ್ರ ದುರಸ್ತಿಗೆ ಜನ ಆಗಾಗ ತೆವಳುವ ಕಡೆ 6 ಮಿಲ್ ಹರಿಯುತ್ತದೆ, ಆದರೆ ಎಲ್ಲ ಮನೆಗೂ 20 ಮಿಲ್ ಬೇಕೇ ಬೇಕೆಂಬ ಮಾರಾಟಗಾರರ ಮಾತನ್ನು ನಾನು ಒಪ್ಪುವುದಿಲ್ಲ. 10 ಅಥವಾ 12 ಮಿಲ್ ಹಾಳೆಯನ್ನು ಎಚ್ಚರಿಕೆಯಿಂದ ಕೂಡಿಸಿದರೆ ಬಹುಪಾಲು ಮನೆಗಳಿಗೆ ಸಾಕು. ಮೂರನೆಯದು, ಹಾಳೆಗಿಂತ ಮೊದಲು ಆಗಬೇಕಾದ ದುರಸ್ತಿ. ಒದ್ದೆಯಾಗಿ ಜೋತುಬಿದ್ದ ಹಳೆಯ ಇನ್ಸುಲೇಶನ್ ತೆಗೆಸುವುದು, ಬೂಸ್ಟು ಉಜ್ಜಿಸುವುದು, ಕೊಳೆತ ತೊಲೆಯ ಪಕ್ಕಕ್ಕೆ ಹೊಸ ತೊಲೆ ಕೂಡಿಸುವುದು, ಒಳಗೆ ಸೇರಿದ ನೀರನ್ನು ಹೊರಹಾಕುವ ಸಂಪ್ ಪಂಪ್ ಇಡಿಸುವುದು, ಇವೆಲ್ಲ ಒಂದೊಂದಾಗಿ ಸೇರಿದರೆ ಖರ್ಚು ಮೇಲಿನ ಮಿತಿಯನ್ನೂ ದಾಟಬಹುದು.

ದರಪಟ್ಟಿ ಅಗ್ಗವಾಗಿ ಕಂಡರೆ ಅದರಲ್ಲಿ ಗಾಳಿಯ ತೇವ ಹೀರುವ ಯಂತ್ರ, ಅಂದರೆ ಡಿಹ್ಯುಮಿಡಿಫೈಯರ್ ಇದೆಯೇ ಎಂದು ಮೊದಲು ನೋಡಿ. ಕ್ರಾಲ್ ಸ್ಪೇಸ್‌ಗೆಂದೇ ತಯಾರಾದ ಯಂತ್ರಕ್ಕೆ, ಕೂರಿಸುವುದೂ ಸೇರಿ, ಸುಮಾರು 1,200ರಿಂದ 2,500 ಡಾಲರ್ ಬೀಳುತ್ತದೆ. ಕಿಂಡಿ ಮುಚ್ಚಿ, ಒಣಗಿಸುವ ಏರ್ಪಾಡು ಮಾಡದೆ ಬಿಟ್ಟರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ತಿಂಗಳ ವಿದ್ಯುತ್ತಿನ ಲೆಕ್ಕವೂ ನಿಮ್ಮ ಮನಸ್ಸಿನಲ್ಲಿರಲಿ: 600 ವಾಟ್‌ನ ಯಂತ್ರ ದಿನಕ್ಕೆ 8 ಗಂಟೆ ಓಡಿದರೆ ತಿಂಗಳಿಗೆ 144 ಯೂನಿಟ್, ಅಂದರೆ ಯೂನಿಟ್ಟಿಗೆ 14 ಸೆಂಟ್‌ನಂತೆ 20 ಡಾಲರ್.

ವಿದ್ಯುತ್ ಬಿಲ್ಲಿನ ಉಳಿತಾಯದಿಂದಲೇ ಹಣ ವಾಪಸು ಬರುತ್ತದೆ ಎಂದು ಹೇಳುವವರ ಮಾತನ್ನು ಲೆಕ್ಕ ಹಾಕಿ ನೋಡಬೇಕು. ರಾಲಿಯ ಅಡ್ವಾನ್ಸ್ಡ್ ಎನರ್ಜಿ ಸಂಸ್ಥೆ, 1999ರ ಫ್ಲಾಯ್ಡ್ ಚಂಡಮಾರುತದಲ್ಲಿ ಮುಳುಗಿದ್ದ ಪ್ರಿನ್ಸ್‌ವಿಲ್ ಊರಿನ 12 ಮನೆಗಳಲ್ಲಿ ಅಧ್ಯಯನ ನಡೆಸಿ, ಮುಚ್ಚಿದ ಕ್ರಾಲ್ ಸ್ಪೇಸ್‌ಗಳು ಹೆಚ್ಚು ಒಣಗಿರುವುದನ್ನೂ, ಬಿಸಿ ಮತ್ತು ತಂಪಿನ ವಿದ್ಯುತ್ತಿನಲ್ಲಿ ಶೇ. 15 ಅಥವಾ ಅದಕ್ಕೂ ಹೆಚ್ಚು ಉಳಿತಾಯವಾಗುವುದನ್ನೂ ತೋರಿಸಿತು. ಅದು ಗಟ್ಟಿಯಾದ ಸಾಕ್ಷ್ಯ. ಆದರೂ ನಿಮ್ಮ ಬಿಸಿ ಮತ್ತು ತಂಪಿನ ಖರ್ಚು ವರ್ಷಕ್ಕೆ 1,200 ಡಾಲರ್ ಆಗಿದ್ದರೆ ಉಳಿಯುವುದು 180 ಡಾಲರ್. 9,000 ಡಾಲರಿನ ಕೆಲಸ ಅದರಿಂದ ತೀರಲು 50 ವರ್ಷ ಬೇಕು. ಮನೆಯ ಮರವನ್ನೂ ಉಸಿರಾಡುವ ಗಾಳಿಯನ್ನೂ ಕಾಪಾಡಲೆಂದೇ ಈ ಹಣ ಹಾಕಬೇಕು.

ಮುಚ್ಚುವ ಮೊದಲು, ಮಣ್ಣಿನಿಂದ ಹೊಮ್ಮುವ ವಿಕಿರಣಶೀಲ ಅನಿಲವಾದ ರೇಡಾನ್‌ನ ಪರೀಕ್ಷೆ ಮಾಡಿಸಿ, ಮುಚ್ಚಿದ ಮೇಲೆ ಇನ್ನೊಮ್ಮೆ ಮಾಡಿಸಿ. ಅದರ ಮಟ್ಟ ಲೀಟರ್ ಗಾಳಿಗೆ 4 ಪಿಕೋಕ್ಯೂರಿ (ವಿಕಿರಣದ ಅಳತೆ) ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕ್ರಮ ಕೈಗೊಳ್ಳಬೇಕೆಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸೂಚನೆ. ಕೆಳಗೆ ಗ್ಯಾಸ್ ಫರ್ನೇಸ್ ಅಥವಾ ವಾಟರ್ ಹೀಟರ್ ಇದ್ದು ಅದು ಉರಿಯಲು ಅಲ್ಲಿಯ ಗಾಳಿಯನ್ನೇ ಬಳಸುತ್ತಿದ್ದರೆ, ಪರವಾನಗಿ ಪಡೆದ ತಂತ್ರಜ್ಞರು ನೋಡದ ಹೊರತು ಕಿಂಡಿ ಮುಚ್ಚಿಸಬೇಡಿ; ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೆ ಅಪಾಯ. ಗೋಡೆಯ ಮೇಲ್ತುದಿಯಲ್ಲಿ ಗೆದ್ದಲು ಪರೀಕ್ಷೆಗೆ 3 ಇಂಚಿನ ಪಟ್ಟಿಯನ್ನು ಮುಚ್ಚದೆ ಬಿಡಿಸಬೇಕು.

ಮನೆ ಕೊಳ್ಳುವವರು ಈ ರಾಜ್ಯದ ಒಪ್ಪಂದದಲ್ಲಿರುವ ಡ್ಯೂ ಡಿಲಿಜೆನ್ಸ್ ಅವಧಿಯೊಳಗೇ (ಮನೆಯನ್ನು ಪರೀಕ್ಷಿಸಿ, ಬೇಡವೆನಿಸಿದರೆ ಹಿಂದೆ ಸರಿಯಲು ಕೊಳ್ಳುವವರಿಗೆ ಸಿಗುವ ಕಾಲಾವಕಾಶ) ಕೆಳಗಿಳಿದು ನೋಡುವ ಪರೀಕ್ಷಕರನ್ನು ಕರೆಸಿ, ತೊಲೆಗಳ ತೇವಾಂಶದ ಅಳತೆಯನ್ನು ಬರಹದಲ್ಲಿ ಪಡೆಯಿರಿ, ಅದು ಶೇ. 19 ಮೀರಿದ್ದರೆ ಬೆಲೆಯ ಮಾತುಕತೆಗೆ ಅದೇ ಆಧಾರವಾಗುತ್ತದೆ. 40,000 ಡಾಲರಿಗಿಂತ ಕಡಿಮೆಯ ಕೆಲಸಕ್ಕೆ ಇಲ್ಲಿ ಜನರಲ್ ಕಾಂಟ್ರಾಕ್ಟರ್ ಪರವಾನಗಿ ಬೇಕಿಲ್ಲ, ಹೀಗಾಗಿ ವಿಮೆ, ಹಿಂದಿನ ಗ್ರಾಹಕರು, ಫೋಟೋಗಳು ಇವನ್ನು ನೀವೇ ವಿಚಾರಿಸಬೇಕು. ಕನಿಷ್ಠ ಮೂವರಿಂದ ದರಪಟ್ಟಿ ತೆಗೆದುಕೊಳ್ಳಿ. ಇವತ್ತೇ ಸಹಿ ಮಾಡಿದರೆ ರಿಯಾಯಿತಿ ಎನ್ನುವವರಿಗೆ ಸಹಿ ಕೊಡಬೇಡಿ. ಮನೆಗೆ ಬಂದು ಮಾರಿದ ಒಪ್ಪಂದಗಳನ್ನು ಸಾಮಾನ್ಯವಾಗಿ ಮೂರು ವ್ಯವಹಾರದ ದಿನಗಳೊಳಗೆ ರದ್ದು ಮಾಡುವ ಹಕ್ಕನ್ನು ಕೇಂದ್ರ ಸರ್ಕಾರದ ನಿಯಮ ಕೊಡುತ್ತದೆ. ಕೆಲಸ ಮುಗಿದ ಮೇಲೆ ಹದಿನೈದು ಇಪ್ಪತ್ತು ಡಾಲರಿನ ತೇವಾಂಶ ಮಾಪಕವೊಂದನ್ನು ಕೆಳಗಿಟ್ಟು, ಅದರ ಅಂಕಿ ಮೇಲಿನಿಂದಲೇ ಕಾಣುವಂತೆ ಮಾಡಿಕೊಳ್ಳಿ. ಬೇಸಿಗೆಯಲ್ಲಿ ಅದು ಶೇ. 60ರ ಮೇಲೆ ದಿನಗಟ್ಟಲೆ ನಿಂತರೆ, ವಾರಂಟಿಯ ಅವಧಿ ಮುಗಿಯುವ ಮೊದಲೇ ಕೆಲಸ ಮಾಡಿದವರನ್ನು ವಾಪಸು ಕರೆಸಿ.